ದಿಬ್ಬದ ಮೇಲಿನ ನೊರೆಗೂಡು

ನಮ್ಮೂರಿನ ಕಪ್ಪೆಗಳು ನೀರು ಇರುವಲ್ಲಿ ಮೊಟ್ಟೆ ಇಡುವುದಿಲ್ಲ, ನೀರು ಬರುವಲ್ಲಿ ಇಡುತ್ತವೆ. ಮುಂಗಾರಿಗೆ ಇನ್ನೂ ಹತ್ತು ಹದಿನೈದು ದಿನ ಇರುವಾಗ ಹೆಣ್ಣು ಕಪ್ಪೆ ತನ್ನ ಗಂಡನನ್ನು ಬೆನ್ನ ಮೇಲೆ ಕೂರಿಸಿಕೊಂಡು ಗಿಡವನ್ನೋ ಕಂಬವನ್ನೋ ಗೋಡೆಯನ್ನೋ ಏರುತ್ತದೆ. ಈ ಒಂದು ವಿಷಯದಲ್ಲಿ ಕಪ್ಪೆಯ ಸಂಸಾರಕ್ಕೂ ನಮ್ಮೂರಿನ ಸಂಸಾರಗಳಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಮೇಲೆ ಹೋದ ಮೇಲೆ ಅದು ಮೈಯಿಂದ ಒಂದು ಬಗೆಯ ಅಂಟುನೀರು ಬಿಟ್ಟು, ಹಿಂಗಾಲುಗಳಿಂದ ಮಜ್ಜಿಗೆ ಕಡೆದ ಹಾಗೆ ಕಡೆದು ಕಡೆದು ನೊರೆ ಎಬ್ಬಿಸುತ್ತದೆ. ಮುಷ್ಟಿಯಷ್ಟು ದಪ್ಪದ ಆ ಬಿಳಿ ನೊರೆಯೊಳಗೆ ಮೊಟ್ಟೆ ಇಟ್ಟು ಇಳಿದು ಹೋಗುತ್ತದೆ. ಎರಡು ದಿನದಲ್ಲಿ ಹೊರಮೈ ಒಣಗಿ ಹಪ್ಪಳದಂತಾಗುತ್ತದೆ, ಒಳಗೆ ಮಾತ್ರ ಹಸಿ. ಹನ್ನೆರಡನೇ ದಿನ ಅದರ ಕೆಳಗೆ ನೀರು ಬಂದು ನಿಲ್ಲುತ್ತದೆ. ಗೂಡಿನ ತಳ ಮೆತ್ತಗಾಗಿ ಮರಿಗಳು ಒಂದೊಂದಾಗಿ ಟಪಟಪ ಎಂದು ಆ ನೀರಿಗೆ ಉದುರುತ್ತವೆ. ಎಲ್ಲಿಯ ನೀರು, ಯಾಕೆ ಬಂತು ಎಂದು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಬರುತ್ತದೆ.

ಆದ್ದರಿಂದ ನಾವು ಹೊಂದಿಕೊಂಡಿದ್ದೇವೆ. ಕ್ಷೌರದಂಗಡಿಯ ಕನ್ನಡಿಯ ಮೇಲೆ ನೊರೆ ಕಂಡರೆ ಕುರ್ಚಿ ಬೀದಿಗೆ ಬರುತ್ತದೆ, ಅರ್ಧ ಗಡ್ಡ ಕೆರೆಸಿಕೊಂಡವರು ಎದ್ದು ಬಂದು ಬೀದಿಯಲ್ಲಿ ಕೂರುತ್ತಾರೆ. ಒಂದು ವರ್ಷ ಪೊಲೀಸ್ ಠಾಣೆಯ ಲಾಕಪ್ಪಿನ ಸರಳಿಗೆ ಗೂಡು ಕಟ್ಟಿತ್ತು. ಒಳಗಿದ್ದ ಇಬ್ಬರು ಕಳ್ಳರನ್ನು ಎಲ್ಲಿ ಇಡುವುದೆಂದು ತಿಳಿಯದೆ ಠಾಣಾಧಿಕಾರಿ ಅವರನ್ನು ತನ್ನ ಮನೆಯ ಪಡಸಾಲೆಯಲ್ಲೇ ಇಟ್ಟುಕೊಂಡರು. ಎಂಟು ದಿನದಲ್ಲಿ ಅವರಿಬ್ಬರೂ ಅಡುಗೆ ಕೆಲಸ ಕಲಿತು ಹೊರಬಂದರು, ಆ ಠಾಣೆಯ ಇತಿಹಾಸದಲ್ಲಿ ಯಾರಾದರೂ ಸುಧಾರಿಸಿದ್ದು ಅದೊಂದೇ ಸಲ. ಮದುವೆಯ ಕರೆಯೋಲೆಗಳಲ್ಲಿ ಸ್ಥಳದ ಮುಂದೆ ‘ಕಪ್ಪೆ ಬಿಟ್ಟರೆ’ ಎಂದು ಸಣ್ಣ ಅಕ್ಷರಗಳಲ್ಲಿ ಅಚ್ಚು ಹಾಕಿಸುವುದು ರೂಢಿ.

ಈ ಗೂಡುಗಳನ್ನು ನೋಡಿ ಗುರುತು ಮಾಡಲು ಪುರಸಭೆಯಲ್ಲಿ ಒಂದು ಹುದ್ದೆ ಇತ್ತು. ನಾನು ಹೇಳಹೊರಟ ವಿಷಯದ ಕಾಲಕ್ಕೆ ಆ ಹುದ್ದೆಯಲ್ಲಿ ಇದ್ದವಳು ಹುಲಿಗೆವ್ವ. ಮೊದಲು ಅವಳ ಮಾವ ಈ ಕೆಲಸದಲ್ಲಿದ್ದ, ಅವನ ನಂತರ ಗಂಡ. ಗಂಡ ಏಣಿಯಿಂದ ಬಿದ್ದು ಸತ್ತ ಮೇಲೆ ಪುರಸಭೆ ಅನುಕಂಪದಿಂದ ಅದೇ ಏಣಿಯನ್ನು ಅವಳ ಕೈಗೆ ಕೊಟ್ಟಿತು. ಇಪ್ಪತ್ತಾರು ವರ್ಷ ಅವಳು ಆ ಬಿದಿರೇಣಿಯನ್ನು ಹೆಗಲ ಮೇಲೆ ಹೊತ್ತು ಓಣಿ ಓಣಿ ತಿರುಗಿ, ಗೂಡು ಕಂಡಲ್ಲೆಲ್ಲ ಅದರ ಕೆಳಗೆ ಕೆಂಪು ಬಟ್ಟೆಯ ಚೂರು ಕಟ್ಟಿ, ಹನ್ನೆರಡನೇ ದಿನ ಯಾವುದೆಂದು ಮನೆಯವರಿಗೆ ಹೇಳಿ ಬರುತ್ತಿದ್ದಳು. ಅವಳ ಮಾತು ಎಂದೂ ಸುಳ್ಳಾಗಲಿಲ್ಲ. ಯಾಕೆಂದರೆ ಅವಳು ತನ್ನ ಮಾತು ಎಂದು ಏನನ್ನೂ ಹೇಳುತ್ತಿರಲಿಲ್ಲ. ‘ಮನಷ್ಯಾರ ಮಾತು ನಂಬಬ್ಯಾಡ್ರಿ, ತತ್ತಿ ನಂಬ್ರಿ’ ಎನ್ನುವುದೊಂದೇ ಅವಳ ಉಪದೇಶ.

ನಾನು ಅದೇ ಪುರಸಭೆಯ ಹಿರಿಯ ಗುಮಾಸ್ತ, ಹೆಸರು ಅಡಿವೆಪ್ಪ. ಮೇಲಿನವರು ಬಾಯಿಗೆ ಬಂದಂತೆ ಹೇಳಿದ್ದನ್ನು ಸಭ್ಯ ಕನ್ನಡಕ್ಕೆ ಇಳಿಸುವುದು ನನ್ನ ಕೆಲಸ. ‘ಆ ಹಲ್ಕಟ್ ಮಂದಿನ್ನ ಒದ್ದು ಹೊರಗ ಹಾಕ್ರಿ’ ಎಂದು ಅವರು ಅಂದರೆ ನಾನು ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಶುರು ಮಾಡುತ್ತಿದ್ದೆ. ನನ್ನ ಕೈಬರಹ ಚೆನ್ನಾಗಿದೆ. ಬೆನ್ನುಮೂಳೆಯ ಬಗ್ಗೆ ಇದುವರೆಗೆ ಯಾರೂ ಪ್ರಶಂಸಾಪತ್ರ ಕೊಟ್ಟಿಲ್ಲ.

ಊರು ಎರಡು ಭಾಗ. ಹೊಳೆಯ ಪಕ್ಕದ ತಗ್ಗಿನೋಣಿ, ಮೇಲಿನ ದಿಬ್ಬದೋಣಿ. ಕಪ್ಪೆಗಳು ಗೂಡು ಕಟ್ಟುವುದು ಮುಕ್ಕಾಲು ಪಾಲು ತಗ್ಗಿನಲ್ಲಿ. ಪ್ರತಿ ವರ್ಷ ಅಲ್ಲಿನ ಮಂದಿ ಕೆಂಪು ಬಟ್ಟೆ ಕಂಡ ಕೂಡಲೇ ಗಂಟು ಕಟ್ಟಿ, ಆಡು ಕೋಳಿ ಹೊಡೆದುಕೊಂಡು ದಿಬ್ಬದ ಶಾಲೆಗೆ ಬಂದು ಎಂಟು ದಿನ ಇದ್ದು, ನೀರು ಇಳಿದ ಮೇಲೆ ಹೋಗಿ ಗೋಡೆಗೆ ಹೊಸ ಮಣ್ಣು ಮೆತ್ತುತ್ತಿದ್ದರು. ದಿಬ್ಬದವರು ಮಾಳಿಗೆಯ ಮೇಲೆ ನಿಂತು ಭಜಿ ತಿನ್ನುತ್ತ ಇದನ್ನು ನೋಡಿ ಬಹಳ ಮರುಗುತ್ತಿದ್ದರು, ಹಳೆಯ ಸೀರೆ ಕೊಡುತ್ತಿದ್ದರು, ಕೊಡುವಾಗ ಫೋಟೊ ತೆಗೆಸಿಕೊಳ್ಳುತ್ತಿದ್ದರು. ದಿಬ್ಬದ ಮೇಲೆ ಮಾತ್ರ ಯಾರ ನೆನಪಿನಲ್ಲೂ ಒಂದು ಗೂಡು ಕಟ್ಟಿರಲಿಲ್ಲ. ಪುರಸಭೆ ಅಧ್ಯಕ್ಷ ಪರ್ವತಗೌಡರು ಪ್ರತಿ ಭಾಷಣದಲ್ಲೂ ಇದನ್ನು ಎತ್ತುತ್ತಿದ್ದರು. ಕಪ್ಪೆಯಂಥ ಕಪ್ಪೆಗೂ ಯಾರ ಮನೆಯ ಮುಂದೆ ಹೇಗೆ ನಡೆದುಕೊಳ್ಳಬೇಕೆಂಬ ತಿಳಿವಳಿಕೆ ಇದೆ ಎಂದು ಅವರು ಹೇಳಿದಾಗ ದಿಬ್ಬದವರು ಚಪ್ಪಾಳೆ ತಟ್ಟುತ್ತಿದ್ದರು.

ಆ ವರ್ಷ ಶಾಲೆಯ ಹಿಂದೆ ಹೊಸ ನೀರಿನ ಟಾಕಿ ಎದ್ದಿತ್ತು. ಮೂರು ಮಾಳಿಗೆಯಷ್ಟು ಎತ್ತರ, ಮೈತುಂಬ ತಿಳಿನೀಲಿ ಬಣ್ಣ, ನಡುವೆ ಗೌಡರ ದೊಡ್ಡ ಚಿತ್ರ. ಕಟ್ಟಿದವನು ಗೌಡರ ಹೆಂಡತಿಯ ತಮ್ಮ. ಅದಕ್ಕೂ ಮೊದಲು ಅವನು ಕಟ್ಟಿದ್ದು ಬರೀ ಮದುವೆಯ ಹಂದರ, ಆದರೆ ಎರಡಕ್ಕೂ ಕಂಬ ಬೇಕಾಗುತ್ತದಷ್ಟೆ ಎಂಬುದು ಗೌಡರ ವಾದ. ಉದ್ಘಾಟನೆಗೆ ರಾಜಧಾನಿಯಿಂದ ಬಹಳ ದೊಡ್ಡವರೊಬ್ಬರು ಬರುವುದೆಂದು ದಿನ ನಿಗದಿಯಾಯಿತು. ಟಾಕಿಗೆ ನೀರು ತುಂಬಿಸಿ ಇಡಲಾಯಿತು.

ಉದ್ಘಾಟನೆಗೆ ಹನ್ನೊಂದು ದಿನ ಇರುವಾಗ ಹುಲಿಗೆವ್ವ ಬೆಳಿಗ್ಗೆ ಕಚೇರಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. ಏನೆಂದು ಕೇಳಿದೆ. ತಗ್ಗಿನಲ್ಲಿ ಈ ವರ್ಷ ಒಂದೂ ಇಲ್ಲ ಅಂದಳು. ಒಳ್ಳೆಯದಾಯಿತಲ್ಲ ಅಂದೆ. ಅವಳು ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, “ದಿಬ್ಬದ ಮ್ಯಾಲೆ ನಲವತ್ತೊಂದು ಅದಾವ, ಅಡಿವೆಪ್ಪಣ್ಣ” ಅಂದಳು.

ಹೋಗಿ ನೋಡಿದೆ. ಶಾಲೆಯ ಬಾಗಿಲ ಮೇಲಿನ ಪಟ್ಟಿಯಲ್ಲಿ ಒಂದು, ಅಂಗಳದ ಬೇವಿನ ಗಿಡದಲ್ಲಿ ಹದಿನಾಲ್ಕು, ವೇದಿಕೆಗೆ ನೆಟ್ಟ ಕಂಬಗಳಲ್ಲಿ ಒಂಬತ್ತು, ಗೌಡರ ಮನೆಯ ಬಾಲ್ಕನಿಯಲ್ಲಿ ಸಾಲಾಗಿ ಆರು. ಉಳಿದವು ಬೀದಿದೀಪಗಳಿಗೆ, ಪಕ್ಕದ ಮನೆಗಳ ಸೂರಿಗೆ. ಎಲ್ಲವೂ ಹಿಂದಿನ ದಿನ ಕಟ್ಟಿದವು. ಹನ್ನೆರಡನೇ ದಿನ ಯಾವುದೆಂದು ಎಣಿಸಲು ನನಗೆ ಬೆರಳು ಬೇಕಾಗಲಿಲ್ಲ. ನಾವು ನಿಂತು ನೋಡುತ್ತಿರುವಾಗಲೇ ಮೋಡ ಕವಿದ ಆ ತಂಪಿನಲ್ಲಿ ಒಂದು ತಡವಾದ ಜೋಡಿ ಬೇವಿನ ಕೊಂಬೆಯ ಮೇಲೆ ತೆವಳುತ್ತ ಬಂತು. ಹೆಣ್ಣು ಆಯಾಸಪಟ್ಟುಕೊಂಡು ಎಲೆಗಳನ್ನು ಮೂಸಿ, ಕೆಳಗಿನ ಬರಿಯ ಒಣ ನೆಲವನ್ನು ಒಮ್ಮೆ ನೋಡಿ, ಯಾಕೋ ಮನಸ್ಸು ಬದಲಿಸಿ ಇಳಿದು ತಗ್ಗಿನ ದಾರಿ ಹಿಡಿಯಿತು. ಇಪ್ಪತ್ತಾರು ವರ್ಷದಲ್ಲಿ ಹೀಗೆ ಹಿಂದಿರುಗಿದ್ದು ಇದೇ ಮೊದಲು ಎಂದು ಹುಲಿಗೆವ್ವ ಹೇಳಿದಳು. ನೀರು ಬರುವುದಕ್ಕೆ ಇನ್ನು ಹನ್ನೆರಡು ದಿನ ಉಳಿದಿಲ್ಲ, ಅದು ಆ ಕಪ್ಪೆಗೂ ಗೊತ್ತಾಗಿದೆ ಅಂದಳು. ಟಾಕಿಯ ಕಡೆ ನೋಡಿದಳು. ನಾನು ನೋಡಲಿಲ್ಲ, ನೋಡಿದರೆ ಏನಾದರೂ ಬರೆಯಬೇಕಾಗುತ್ತದೆ.

ಗೌಡರು ಕೂಡಲೇ ನಮ್ಮಿಬ್ಬರನ್ನೂ ಕರೆಸಿದರು. ಅವರಿಗೆ ಸಿಟ್ಟು ಬಂದಿರಲಿಲ್ಲ, ಬೇಸರವಾಗಿತ್ತು. ಇಷ್ಟು ವರ್ಷ ನಂಬಿದ ಪ್ರಾಣಿ ಹೀಗೆ ಮಾಡಿತಲ್ಲ ಎಂಬ ಬೇಸರ. ಟಾಕಿಯ ಕೆಳಗೆ ನೊರೆ ತೂಗಾಡುತ್ತಿರುವುದನ್ನು ದೊಡ್ಡವರು ನೋಡಿದರೆ ಏನೆಂದುಕೊಳ್ಳುತ್ತಾರೆ ಎಂದು ಅವರು ಒಂದು ಗಳಿಗೆ ಯೋಚಿಸಿದರು.

“ತತ್ತಿ ಬಂದ ಜಾಗಾ ತಪ್ಪೈತಿ,” ಅಂದರು. “ಕಪ್ಪಿ ಅಂದಮ್ಯಾಲೆ ಒಂದೊಂದು ಸಲ ತಪ್ಪತಾವ. ಸರಿ ಮಾಡೂದು ನಮ್ಮ ಕೆಲಸ. ಎಲ್ಲಾ ಬಿಚ್ಚಿ ತಗ್ಗಿನ್ಯಾಗ ಕಟ್ಟಿ ಬಾ, ಹುಲಿಗೆವ್ವ.”

ಅವಳು ಹೆಗಲ ಮೇಲಿನ ಏಣಿಯನ್ನು ಇಳಿಸಿ ಗೋಡೆಗೆ ಒರಗಿಸಿದಳು. ಆಮೇಲೆ, “ತಗ್ಗಿನ ಮಂದಿ ತತ್ತಿ ನೋಡಿದ್ರ ಗಂಟು ಕಟ್ಟತಾರ್ರೀ. ಗಂಟು ಕಟ್ಟಿದ್ರ ಇಲ್ಲಿಗೇ ಬರತಾರ, ಸಾಲಿಗೆ. ನೀರು ಬರೂದೂ ಇಲ್ಲಿಗೇ” ಅಂದಳು.

ಗೌಡರ ಮುಖ ಅರಳಿತು. ಸಭೆಗೆ ಜನ ಸೇರಿಸುವುದು ಹೇಗೆಂದು ಅವರು ನಾಲ್ಕು ದಿನದಿಂದ ತಲೆ ಕೆಡಿಸಿಕೊಂಡಿದ್ದರು. “ಬರಲಿ ಬಿಡು. ಊಟಾ ಹಾಕಸೂಣು. ಚಪ್ಪಾಳಿ ಹೊಡ್ಯಾಕ ಮಂದಿ ಬೇಕಲ್ಲ.”

ನೀನು ಮಾಡದಿದ್ದರೆ ಬೇರೆಯವರು ಕೋಲಿನಿಂದ ಬಡಿದು ಕೆಡವುತ್ತಾರೆ ಎಂದೂ ಅವರು ಸೇರಿಸಿದರು. ಹುಲಿಗೆವ್ವ ಒಪ್ಪಿದ್ದು ಆ ಮಾತಿಗೆ. ನೌಕರಿಯ ಚಿಂತೆಯೂ ಇದ್ದಿರಬಹುದು, ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಆದರೆ ಕೋಲು ಎಂದಾಗ ಅವಳ ಕೈ ತಾನಾಗಿಯೇ ಎದೆಯ ಹತ್ತಿರ ಹೋದದ್ದನ್ನು ನಾನು ಕಂಡೆ. ನನ್ನ ಪಾಲಿನ ಕೆಲಸ ಇನ್ನೂ ಸುಲಭವಾಗಿತ್ತು. ‘ದಾರಿ ತಪ್ಪಿದ ಮೊಟ್ಟೆಗಳನ್ನು ಅವುಗಳ ಸ್ವಾಭಾವಿಕ ನೆಲೆಗೆ ಗೌರವಪೂರ್ವಕವಾಗಿ ಸ್ಥಳಾಂತರಿಸುವ ಬಗ್ಗೆ’ ಎಂದು ಆದೇಶ ಬರೆದೆ. ಗೌಡರು ‘ಗೌರವಪೂರ್ವಕವಾಗಿ’ ಎಂಬುದನ್ನು ಎರಡು ಸಲ ಓದಿ ನನ್ನ ಬೆನ್ನು ತಟ್ಟಿದರು.

ಎರಡು ದಿನ ಅವಳು ಅದೇ ಕೆಲಸ ಮಾಡಿದಳು. ಗಿಡದಲ್ಲಿದ್ದವನ್ನು ಕೊಂಬೆಯ ಸಮೇತ ಕತ್ತರಿಸಿ, ಕಂಬ ಗೋಡೆಗಳಲ್ಲಿದ್ದವನ್ನು ಬಾಳೆಯ ಪಟ್ಟೆಯಿಂದ ಮೆಲ್ಲಗೆ ಎಬ್ಬಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ತಗ್ಗಿಗೆ ಹೊತ್ತೊಯ್ದಳು. ಅಲ್ಲಿನ ಹುಣಸೆಗೆ, ಜಾಲಿಗೆ, ಮನೆಗಳ ಸೂರಿಗೆ ನೂಲಿನಿಂದ ಕಟ್ಟಿದಳು. ಕೆಂಪು ಬಟ್ಟೆಯೂ ಇರಲೇಬೇಕು ಎಂದು ಗೌಡರು ಹೇಳಿ ಕಳಿಸಿದ್ದರು, ಅದನ್ನೂ ಕಟ್ಟಿದಳು. ಮೂರನೇ ದಿನವೇ ತಗ್ಗಿನಲ್ಲಿ ಗಂಟು ಕಟ್ಟುವ ಸಡಗರ ಶುರುವಾಯಿತು.

ಅವಳು ಸುಮ್ಮನೆ ಕೂಡಲಿಲ್ಲ. ಮನೆಮನೆಗೆ ಹೋಗಿ ಇವು ನಾನು ಕಟ್ಟಿದವು, ಕಪ್ಪೆ ಕಟ್ಟಿದವಲ್ಲ, ಇಲ್ಲಿಗೆ ನೀರು ಬರುವುದಿಲ್ಲ, ಎಲ್ಲಿಗೂ ಹೋಗಬೇಡಿ ಎಂದು ಹೇಳಿದಳು. ಜನ ಅವಳಿಗೆ ಕುಡಿಯಲು ನೀರು ಕೊಟ್ಟರು, ಕುಳಿತುಕೋ ಎಂದರು, ಗಂಟು ಕಟ್ಟುವುದನ್ನು ಮಾತ್ರ ನಿಲ್ಲಿಸಲಿಲ್ಲ. ತಗ್ಗಿನಲ್ಲಿ ಎಲ್ಲರಿಗೂ ಹಿರಿಯಳಾದ ದ್ಯಾಮವ್ವ ಎಂಬ ಮುದುಕಿಯ ಮನೆಯಲ್ಲಿ ಆದ ಮಾತನ್ನು ಹುಲಿಗೆವ್ವ ನನಗೆ ಆಮೇಲೆ ಹೇಳಿದಳು. ಮುದುಕಿ ಪಾತ್ರೆಗಳನ್ನು ಒಂದರೊಳಗೊಂದು ಇಡುತ್ತ, “ಮನಷ್ಯಾರ ಮಾತು ನಂಬಬ್ಯಾಡ್ರಿ ಅಂತ ನೀನ ಹೇಳಿದ್ದೀ. ನನ್ನ ಗಂಡ ಒಂದು ವರ್ಷ ತತ್ತಿ ನಂಬಲಿಲ್ಲ. ಎಲ್ಲಿ ಅದಾನ ಈಗ?” ಅಂದಳಂತೆ.

ಹುಲಿಗೆವ್ವ ಎದ್ದು ಮುಂದಿನ ಮನೆಗೆ ಹೋದಳಂತೆ. ಇಪ್ಪತ್ತಾರು ವರ್ಷ ಜನರಿಗೆ ಕಲಿಸಿದ್ದನ್ನು ಆರು ದಿನದಲ್ಲಿ ಮರೆಸುವುದು ಹೇಗೆ?

ಹತ್ತನೇ ದಿನ ಮಧ್ಯಾಹ್ನ ನಾನು ಊಟ ಮಾಡಿ ಕೈ ತೊಳೆಯುತ್ತಿರುವಾಗ ಅವಳು ನಮ್ಮ ಮನೆಯ ಹಿತ್ತಲ ಬಾಗಿಲಿಗೆ ಬಂದಳು. ಹೆಗಲ ಮೇಲೆ ಏಣಿ, ಕೈಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಪುಟ್ಟಿ. ಅವಳಿಗೆ ಬೇಕಾಗಿದ್ದದ್ದು ಎರಡು. ಬೇಸಿಗೆ ರಜೆಯಲ್ಲಿ ಶಾಲೆಯ ಹೊರಗೇಟಿನ ಬೀಗದಕೈ ನನ್ನ ಹತ್ತಿರ ಇರುತ್ತಿತ್ತು, ಅದು. ಇನ್ನೊಂದು, ಏಣಿ ಹಿಡಿಯಲು ಒಂದು ಜೀವ. ಗಂಡ ಬಿದ್ದ ಮೇಲೆ ಅವಳು ಸಿಮೆಂಟಿನ ನೆಲದ ಮೇಲೆ ಒಬ್ಬಳೇ ಏಣಿ ಹತ್ತುತ್ತಿರಲಿಲ್ಲ.

“ಒಂದು ತತ್ತಿ ಹೊಳ್ಳಿ ಅದರ ಜಾಗಕ್ಕ ಕಟ್ಟಬೇಕು,” ಅಂದಳು. “ಸಾಲಿ ಬಾಗಲಕ್ಕ ತತ್ತಿ ಐತಿ ಅಂದ್ರ ಮಂದಿ ಒಳಗ ಹೋಗೂದಿಲ್ಲ.”

ನಾನು ಕಾರಣಗಳನ್ನು ಹೇಳಿದೆ. ಆದೇಶ ನಾನೇ ಬರೆದಿದ್ದೇನೆ, ನನಗೂ ಸಂಸಾರ ಇದೆ, ಗೌಡರ ಕಣ್ಣು ಎಲ್ಲ ಕಡೆ ಇರುತ್ತದೆ, ಬಿಸಿಲಲ್ಲಿ ನಿಂತರೆ ನನಗೆ ತಲೆ ತಿರುಗುತ್ತದೆ, ಟಾಕಿ ಗಟ್ಟಿಯಾಗಿಯೂ ಇರಬಹುದು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ ಇಂದ್ರವ್ವ ಬೀಗದಕೈ ತಂದು ನನ್ನ ಕೈಯಲ್ಲಿ ಇಟ್ಟಳು. “ಹೋಗ್ರಿ. ಏಣಿ ಹಿಡಿಯಾಕ ಏನು ಧೈರ್ಯಾ ಬೇಕಾಗೂದಿಲ್ಲ” ಅಂದಳು.

ದಿಬ್ಬದಲ್ಲಿ ಊಟವಾದ ಮೇಲೆ ಎರಡು ತಾಸು ಯಾರೂ ಎಚ್ಚರ ಇರುವುದಿಲ್ಲ. ಗೌಡರ ಗೊರಕೆ ಬೀದಿಗೆ ಕೇಳುತ್ತಿತ್ತು. ಶಾಲೆಯ ಬಾಗಿಲ ಮುಂದೆ ಹುಲಿಗೆವ್ವ ಪುಟ್ಟಿಯ ಬಟ್ಟೆ ಸರಿಸಿದಳು. ನಲವತ್ತೊಂದರಲ್ಲಿ ಒಳಗೆ ಹಸಿ ಉಳಿದದ್ದು ಇದೊಂದೇ ಎಂದಳು. ಉಳಿದವೆಲ್ಲ ಕಟ್ಟಿದ ಜಾಗದಿಂದ ಎಬ್ಬಿಸಿದ ಮೇಲೆ ಒಳಗಿಂದೊಳಗೆ ಒಣಗಿ ಹತ್ತಿಯ ಉಂಡೆಯಂತಾಗಿದ್ದವು, ಅವಳು ಬೆಳಗಿನಿಂದ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದ್ದಳು. ಇದು ಶಾಲೆಯ ಬಾಗಿಲಿನದೇ ಎಂದು ಅವಳಿಗೆ ಹೇಗೆ ಗೊತ್ತಾಯಿತೆಂದು ಕೇಳಿದೆ. ಕೇಳಬಾರದ್ದನ್ನು ಕೇಳಿದವನನ್ನು ನೋಡುವಂತೆ ನನ್ನನ್ನು ನೋಡಿದಳು. ಗೂಡಿನ ತೆಳುವಾದ ಒಂದು ಕಡೆಯಿಂದ ಒಳಗೆ ಕಪ್ಪನೆಯ ಎಳ್ಳಿನಂಥ ಕಾಳುಗಳು ಕಂಡವು, ಪ್ರತಿ ಕಾಳಿಗೂ ಒಂದು ಬಾಲ, ಎಲ್ಲವೂ ಮಿಸುಕಾಡುತ್ತಿದ್ದವು. ವರ್ಷಗಳಿಂದ ಮೊಟ್ಟೆಗಳ ಬಗ್ಗೆ ಬರೆಯುತ್ತಿದ್ದ ನಾನು ಒಳಗೆ ಏನಿದೆ ಎಂದು ನೋಡಿದ್ದು ಆವತ್ತೇ.

ಅವಳು ಹತ್ತಿದಳು. ನಾನು ಏಣಿ ಹಿಡಿದೆ. ಇಂದ್ರವ್ವ ಹೇಳಿದ್ದು ನಿಜವಲ್ಲ, ಧೈರ್ಯ ಬೇಕಾಗುತ್ತದೆ, ಗೌಡರ ಗೊರಕೆ ನಿಂತಿತೇನೋ ಎಂದು ನಾನು ಹೊರಳಿದಾಗಲೆಲ್ಲ ಏಣಿ ಅಲುಗಿ ಹುಲಿಗೆವ್ವ ಎರಡು ಸಲ ಕೆಳಗೆ ನೋಡಿದಳು. ಗೂಡನ್ನು ಅಕ್ಕಿ ಅಂಬಲಿಯಿಂದ ಮೆತ್ತಿ, ನೂಲು ಸುತ್ತಿ, ಕೆಂಪು ಬಟ್ಟೆ ಕಟ್ಟಿ ಇಳಿದಳು. ಇಳಿದವಳು ಮೇಲಕ್ಕೆ ನೋಡಿ ಕೈ ಮುಗಿದಳು. ದೇವರಿಗೋ ಕಪ್ಪೆಗೋ ಒಣಗಿ ಹೋದ ನಲವತ್ತಕ್ಕೋ ನನಗೆ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ತಗ್ಗಿನ ಮಂದಿ ದಿಬ್ಬ ಹತ್ತಿ ಬಂದರು. ನೂರ ಮೂವತ್ತೇಳು ಜನ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು. ಶಾಲೆಯ ಬಾಗಿಲಲ್ಲಿ ಕೆಂಪು ಬಟ್ಟೆ ಕಂಡು ನಿಂತುಬಿಟ್ಟರು. ಕೆಳಗೂ ತತ್ತಿ, ಮೇಲೂ ತತ್ತಿ. ದಾರಿಯ ನಡುವೆ ಗಂಟುಗಳನ್ನು ಇಳಿಸಿ ಎಲ್ಲರೂ ದ್ಯಾಮವ್ವನ ಮುಖ ನೋಡಿದರು. ಮುದುಕಿ ಬಹಳ ಹೊತ್ತು ಯೋಚಿಸಿ ಊರಾಚೆಯ ಬಂಡೆಬಯಲಿನ ಕಡೆ ಕೋಲು ತೋರಿಸಿದಳು. ಒಂದು ಗಿಡವಿಲ್ಲ, ಕಂಬವಿಲ್ಲ, ಕಪ್ಪೆ ಹತ್ತುವುದಕ್ಕೆ ಅಲ್ಲಿ ಏನೂ ಇಲ್ಲ. ಅವರು ಆಡುಗಳನ್ನು ಹೊಡೆದುಕೊಂಡು ಆ ಬಿಸಿಲಿನ ಕಡೆಗೆ ಹೋದರು. ದಿಬ್ಬದಲ್ಲೂ ಮೂರು ಮನೆಯವರು ಆ ಕೆಂಪು ಬಟ್ಟೆಯನ್ನು ನೋಡಿ, ಒಮ್ಮೆಲೇ ನೆನಪಾದ ನೆಂಟರ ಮದುವೆಗೆ ಹೊರಟುಹೋದರು.

ಗೌಡರಿಗೆ ಚಪ್ಪಾಳೆ ತಪ್ಪಿಹೋಯಿತು. ಆ ತತ್ತಿಯನ್ನು ಯಾರು ಕಟ್ಟಿದರೆಂದು ವಿಚಾರಿಸಲು ನನಗೇ ಹೇಳಿದರು. ವಿಚಾರಿಸುತ್ತೇನೆ ಅಂದೆ. ಮನೆಗೆ ಹೋಗಿ ವಿಚಾರಿಸಿಕೊಂಡೆ ಕೂಡ, ಉತ್ತರ ಸಿಕ್ಕಿತು, ವರದಿ ಬರೆಯಲಿಲ್ಲ. ಅದನ್ನು ಕಿತ್ತು ಹಾಕಿ ಎಂದು ಗೌಡರು ಇಬ್ಬರಿಗೆ ಹೇಳಿದರು. ಇಬ್ಬರೂ ಏಣಿ ಸಿಗಲಿಲ್ಲ ಎಂದು ಹೇಳಿ ಕಳಿಸಿದರು. ಕೊನೆಗೆ ಅದರ ಮೇಲೆ ಹೂವಿನ ತೋರಣ ಕಟ್ಟಿ ಮುಚ್ಚಲಾಯಿತು.

ಹನ್ನೆರಡನೇ ದಿನ ಆಕಾಶದಲ್ಲಿ ಒಂದು ತುಂಡು ಮೋಡವೂ ಇರಲಿಲ್ಲ. ದೊಡ್ಡವರು ಎರಡು ತಾಸು ತಡವಾಗಿ ಬಂದರು. ವೇದಿಕೆಯಲ್ಲಿ ಹನ್ನೊಂದು ಜನ, ಎದುರಿಗೆ ಪುರಸಭೆಯ ನೌಕರರು ಮತ್ತು ಅವರವರ ಹೆಂಡತಿಯರು. ಹಾರ ಹಾಕಿದ್ದಾಯಿತು. ಕಪ್ಪೆಯ ಕಾಲ ಮುಗಿಯಿತು, ಇನ್ನು ಮೇಲೆ ನೀರು ನಾವು ಹೇಳಿದಲ್ಲಿಗೆ ಬರುತ್ತದೆ ಎಂದು ಗೌಡರು ಭಾಷಣ ಮಾಡಿದರು. ದೊಡ್ಡವರು ಎದ್ದು ಟಾಕಿಯ ಚಕ್ರಕ್ಕೆ ಕೈ ಹಚ್ಚಿ ತಿರುಗಿಸಿದರು. ನಲ್ಲಿಯಲ್ಲಿ ನೀರು ಬರಲಿಲ್ಲ. ಅವರು ಇನ್ನೊಂದು ಸುತ್ತು ತಿರುಗಿಸಿದರು. ಆಗ ಟಾಕಿಯ ಮೈಯಿಂದ ಹಳೆಯ ಬಟ್ಟೆ ಹರಿದ ಹಾಗೆ ಒಂದು ಸದ್ದು ಬಂತು, ಗೌಡರ ಚಿತ್ರ ಹಣೆಯಿಂದ ಗದ್ದದವರೆಗೆ ಸೀಳಿತು.

ಮುಂದಿನದು ಎಷ್ಟು ಹೊತ್ತು ನಡೆಯಿತೋ ಹೇಳಲಾರೆ. ನಾನು ಬೇವಿನ ಗಿಡದಲ್ಲಿದ್ದೆ, ಹೇಗೆ ಹತ್ತಿದೆನೆಂದು ಇಂದಿಗೂ ತಿಳಿಯದು. ದೊಡ್ಡವರನ್ನು ಅವರ ಪೊಲೀಸರು ಕುರ್ಚಿ ಸಮೇತ ಎತ್ತಿಕೊಂಡು ಹೋದರು. ಗೌಡರು ವೇದಿಕೆಯ ಕಂಬ ತಬ್ಬಿಕೊಂಡು ಎದೆಮಟ್ಟದ ನೀರಿನಲ್ಲಿ ನಿಂತಿದ್ದರು, ಅವರ ಬಾಲ್ಕನಿಗೆ ಶಾಲೆಯ ಬೆಂಚುಗಳು ಒಂದರ ಹಿಂದೊಂದು ಬಂದು ಬಡಿಯುತ್ತಿದ್ದವು. ಹದಿನಾರು ಜನರಿಗೆ ಕೈಕಾಲು ಮುರಿಯಿತು, ಸತ್ತವರು ಯಾರೂ ಇಲ್ಲ. ಟಾಕಿ ಕಟ್ಟಿದವನು ಆ ದಿನ ಹೊಟ್ಟೆನೋವೆಂದು ಊರಲ್ಲೇ ಇರಲಿಲ್ಲ.

ನೀರು ಮೊಣಕಾಲಿಗೆ ಇಳಿದ ಮೇಲೆ ಶಾಲೆಯ ಹಿಂದಕ್ಕೆ ಹೋದೆ. ತಗ್ಗಿನವರು ಪ್ರತಿ ವರ್ಷ ಮಕ್ಕಳನ್ನು ಮಲಗಿಸುತ್ತಿದ್ದ ಎರಡು ಕೋಣೆಗಳ ಹಿಂಗೋಡೆ ಪೂರ್ತಿ ಒಳಕ್ಕೆ ಬಿದ್ದಿತ್ತು. ಟಾಕಿಯ ಎತ್ತಿನಗಾತ್ರದ ಎರಡು ತುಂಡುಗಳು ನೆಲದ ನಡುವೆ ಕೂತಿದ್ದವು. ನಾನು ಅಲ್ಲಿ ನಿಂತು ಏನಾದರೂ ಕುಹಕ ಹೊಳೆಯುತ್ತದೇನೋ ಎಂದು ಕಾದೆ. ಹೊಳೆಯಲಿಲ್ಲ. ಹೊರಗೆ ಬಂದಾಗ ಹುಲಿಗೆವ್ವ ಬಾಗಿಲಲ್ಲಿ ನೀರಿನೊಳಗೆ ನಿಂತಿದ್ದಳು. ತೋರಣ ಕೊಚ್ಚಿ ಹೋಗಿತ್ತು. ಗೂಡಿನ ತಳ ಬಿಟ್ಟು ಮರಿಗಳು ಅವಳ ಕಾಲಿನ ಸುತ್ತ ಉದುರುತ್ತಿದ್ದವು.

ಹದಿನೈದು ದಿನಕ್ಕೆ ವಿಚಾರಣೆ ನಡೆಯಿತು. ಹೊರಗಿನಿಂದ ಒಬ್ಬ ಅಧಿಕಾರಿ ಬಂದರು, ಸಣ್ಣ ದನಿಯವರು, ಬಹಳ ಸಭ್ಯರು. ಟಾಕಿ ಯಾಕೆ ಒಡೆಯಿತೆಂದು ಅವರು ಕೇಳಲಿಲ್ಲ. ನೀರು ಯಾಕೆ ಬಂತೆಂದು ಕೇಳಿದರು. ನಮ್ಮೂರಿನಲ್ಲಿ ತತ್ತಿ ಇರುವಲ್ಲಿಗೆ ನೀರು ಬರುತ್ತದೆಂದು ಹಿಂದಿನಿಂದ ಸಾಬೀತಾಗಿದೆ, ಪುರಸಭೆ ದಿಬ್ಬದ ಎಲ್ಲ ತತ್ತಿಗಳನ್ನು ತೆಗೆಸಿತ್ತು, ಆಮೇಲೂ ಯಾರೋ ಒಂದನ್ನು ತಂದು ಶಾಲೆಯ ಬಾಗಿಲಿಗೆ ಕಟ್ಟಿದ್ದಾರೆ, ಆದ್ದರಿಂದ ನೀರನ್ನು ಕರೆದವರು ಅವರೇ. ಇದು ಗೌಡರ ವಾದ, ಕೈಗೆ ಪಟ್ಟಿ ಕಟ್ಟಿಕೊಂಡು ಕೂತೇ ಹೇಳಿದರು. ನಾನು ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದೆ.

ನೀನು ಕಟ್ಟಿದೆಯಾ ಎಂದು ಅಧಿಕಾರಿ ಕೇಳಿದರು. ಹೌದು ಎಂದಳು ಹುಲಿಗೆವ್ವ. ಏಣಿ ಯಾರು ಹಿಡಿದಿದ್ದರು ಎಂದು ಕೇಳಿದರು. ಅವಳು ನನ್ನ ಕಡೆ ನೋಡಲಿಲ್ಲ. ಗೋಡೆಗೆ ಆನಿಸಿದ್ದೆ ಎಂದಳು. ನನ್ನ ಲೇಖನಿ ನಿಲ್ಲದೆ ಬರೆಯಿತು, ಗೋಡೆಗೆ ಆನಿಸಲಾಗಿತ್ತು. ಆಮೇಲೆ ಅವಳು ತಾನೇ ಒಂದು ಮಾತು ಕೇಳಿದಳು.

“ನಲವತ್ತು ತತ್ತಿ ನಾನ ತಗ್ಗಿನ್ಯಾಗ ಕಟ್ಟೀನ್ರಿ, ನಿಮ್ಮ ಆದೇಶದ ಪ್ರಕಾರ. ನಾ ಕಟ್ಟಿದಲ್ಲಿಗೆ ನೀರು ಬರೂದಾದ್ರ, ಅಲ್ಲಿಗೆ ಯಾಕ ಬರಲಿಲ್ಲ?”

ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಂಡರು, ಗೌಡರ ಕಡೆ ನೋಡಿದರು, ಆಮೇಲೆ ನನ್ನ ಕಡೆ ನೋಡಿದರು. ಇದನ್ನು ಹೇಗೆ ಬರೆಯುವುದು ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ಅಂಥ ನೋಟಗಳಿಗೆ ಉತ್ತರ ಕೊಡುವುದರಲ್ಲೇ ನನ್ನ ಜೀವನ ಕಳೆದಿದೆ. ‘ನೌಕರಳು ಅಪ್ರಸ್ತುತ ಪ್ರಶ್ನೆಯೊಂದನ್ನು ಎತ್ತಿದಳು’ ಎಂದು ಬರೆದೆ. ಯಾರೂ ನನಗೆ ಹೇಳಿಕೊಡಲಿಲ್ಲ. ಆ ಪದ ನನ್ನದೇ.

ಅವಳನ್ನು ಕೆಲಸದಿಂದ ತೆಗೆದರು. ಆದೇಶ ನಾನೇ ಬರೆದೆ, ನಾನೇ ಕೊಟ್ಟೆ. ಅವಳು ಸಹಿ ಹಾಕಿ, ಏಣಿ ಪುರಸಭೆಯದಾದ್ದರಿಂದ ಅದನ್ನು ಮೂಲೆಗೆ ಒರಗಿಸಿ ಇಟ್ಟು ಹೋದಳು. ಮನೆಯಲ್ಲಿ ಇಂದ್ರವ್ವ ಆ ವಿಷಯ ಎತ್ತಲಿಲ್ಲ. ಬೇರೆ ವಿಷಯಗಳನ್ನೂ ಸುಮಾರು ಮೂರು ತಿಂಗಳು ಎತ್ತಲಿಲ್ಲ.

ಆ ಹುದ್ದೆಗೆ ಗೌಡರ ಸಂಬಂಧಿಯೊಬ್ಬ ಬಂದ. ಅವನಿಗೆ ದುರ್ಬೀನು ಕೊಡಿಸಿದರು. ಮರುವರ್ಷ ಮುಂಗಾರಿಗೆ ಮೊದಲು ಅವನು ಕಚೇರಿಯ ಮಾಳಿಗೆಯಿಂದ ನಾಲ್ಕು ದಿಕ್ಕಿಗೂ ನೋಡಿ, ಊರಿನಲ್ಲಿ ಎಲ್ಲಿಯೂ ಮೊಟ್ಟೆ ಇಲ್ಲ ಎಂದು ವರದಿ ಕೊಟ್ಟ. ನಾನು ಅದಕ್ಕೆ ‘ಸಂತಸದ ಸಂಗತಿ’ ಎಂದು ಸೇರಿಸಿ ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸಿದೆ. ಆದರೆ ತಗ್ಗಿನವರು ಫಲಕ ನೋಡಲು ಬರುವುದನ್ನೇ ಬಿಟ್ಟಿದ್ದರು, ಹುಲಿಗೆವ್ವ ಬರಿಗೈಯಲ್ಲಿ ಓಣಿ ತಿರುಗುವುದನ್ನು ಬಿಟ್ಟಿರಲಿಲ್ಲ. ದಿಬ್ಬದವರೂ ಸಂಜೆಯ ಹೊತ್ತಿಗೆ ಉಪ್ಪು ಮೆಣಸಿನಕಾಯಿ ಕೊಳ್ಳುವ ನೆಪದಲ್ಲಿ ತಗ್ಗಿಗೆ ಇಳಿದು ಅವಳ ಮನೆಯ ಮುಂದೆ ನಿಂತು ಕೆಮ್ಮುತ್ತಿದ್ದರು. ಅವಳು ಯಾರನ್ನೂ ಹಿಂದೆ ಕಳಿಸಲಿಲ್ಲವಂತೆ. ನಾನು ಮಾತ್ರ ಆ ಕಡೆ ಹೋಗಲಿಲ್ಲ. ಹೋಗಿ ಏನೆಂದು ಕೆಮ್ಮುವುದು?

ಒಂದು ಭಾನುವಾರ ಬೆಳಿಗ್ಗೆ ಅವಳೇ ಬಂದಳು. ನಾನು ಜಗಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದೆ. ಅವಳು ನನ್ನ ತಲೆಯ ಮೇಲಕ್ಕೆ ನೋಡುತ್ತ ನಿಂತಳು. ನಾನೂ ತಲೆ ಎತ್ತಿದೆ. ಸೂರಿನ ಅಡ್ಡೆಗೆ, ನಾನು ದಿನವೂ ಕೂಡುವ ಕುರ್ಚಿಯ ಸರಿಯಾಗಿ ಮೇಲೆ, ಮುಷ್ಟಿಯಷ್ಟು ದಪ್ಪದ ಬಿಳಿ ಗೂಡು ಒಣಗಿ ಹಪ್ಪಳವಾಗಿತ್ತು.

“ಒಂಬತ್ತು ದಿನ ಆಗೈತಿ,” ಅಂದಳು.

ನಮ್ಮ ಮನೆ ದಿಬ್ಬಕ್ಕೂ ತಗ್ಗಿಗೂ ನಡುವಿನದು. ಹೊಳೆ ದೂರ. ಟಾಕಿ ಒಡೆದೇ ಹೋಗಿದೆ. ಇಲ್ಲಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಊರಿನ ಪದ್ಧತಿ ಮೀರಿ ಕೇಳಿದ್ದು ತಿಳಿಯುತ್ತಿತ್ತು, ಆದರೂ ಕೇಳಿದೆ.

“ಎಲ್ಲಿಂದ ಅಂತ ಕಪ್ಪಿ ಹೇಳೂದಿಲ್ಲ, ಅಡಿವೆಪ್ಪಣ್ಣ. ಎಲ್ಲಿಗೆ ಅಂತ ಅಷ್ಟ ಹೇಳತೈತಿ.”

ಅಷ್ಟರಲ್ಲಿ ಇಂದ್ರವ್ವ ಹೊರಗೆ ಬಂದು, ಮೇಲೆ ನೋಡಿ, ಒಳಗೆ ಹೋಗಿ ಹಿಟ್ಟಿನ ಡಬ್ಬಿಗಳನ್ನು ಇಳಿಸತೊಡಗಿದಳು. ಹುಲಿಗೆವ್ವ ಚಪ್ಪಲಿ ಬಿಟ್ಟು ಅವಳ ಹಿಂದೆ ಹೋದಳು. ಇಬ್ಬರೂ ಸೇರಿ ಕಾಳು ಬೇಳೆ, ಹಾಸಿಗೆ, ಗೋಡೆಯ ಮೇಲಿನ ಫೋಟೊಗಳನ್ನು ಹೊರಗೆ ಸಾಗಿಸಿದರು. ಇಪ್ಪತ್ಮೂರು ವರ್ಷದ ನನ್ನ ಆದೇಶಗಳ ನಕಲು ಪ್ರತಿಗಳಿದ್ದ ಪೆಟ್ಟಿಗೆಯನ್ನು ಇಂದ್ರವ್ವ ಕಾಲಿನಿಂದ ಬದಿಗೆ ಸರಿಸಿ, ಇದು ಇಲ್ಲೇ ಇರಲಿ ಅಂದಳು. ಕೊನೆಗೆ ನಮ್ಮ ಮದುವೆಯ ತೇಗದ ಮಂಚ ಉಳಿಯಿತು. ಹುಲಿಗೆವ್ವ ಅದರ ತಲೆಯ ಕಡೆ ನಿಂತಳು. ನಾನು ಕಾಲಿನ ಕಡೆ ನಿಂತೆ, ಆದರೆ ಬಗ್ಗಲಿಲ್ಲ.

“ಏಣಿ ನಾನು ಹಿಡಿದಿದ್ದೆ ಅಂತ ಆವತ್ತು ನಾನೇ ಹೇಳಬೇಕಾಗಿತ್ತು, ಹುಲಿಗೆವ್ವಕ್ಕ” ಅಂದೆ. ಒಂದು ವರ್ಷದಿಂದ ನಾನು ಅದನ್ನು ಸಭ್ಯ ಕನ್ನಡದಲ್ಲಿ ಹೇಗೆ ಹೇಳುವುದೆಂದು ಹುಡುಕುತ್ತಿದ್ದೆ. ಬಂದ ಮಾತು ಇಷ್ಟೇ.

ಅವಳು ಮಂಚದ ಪಟ್ಟಿಗೆ ಕೈ ಹಾಕಿ ಭಾರ ನೋಡಿದಳು. “ಹೇಳಿದ್ದರ ಇಬ್ಬರ ನೌಕರಿನೂ ಹೋಗತಿತ್ತು. ನಿಮ್ಮದು ಒಂದು ಉಳೀತು” ಅಂದಳು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ನನ್ನ ಮುಖವನ್ನು ನೇರವಾಗಿ ನೋಡಿದಳು.

“ಆದ್ರೂ ಹೇಳಬೇಕಾಗಿತ್ತು” ಅಂದಳು. “ಹಿಡೀರಿ ಆ ಕಡಿ.”

ನಾನು ಬಗ್ಗಿ ಹಿಡಿದೆ. ಮಂಚ ಭಾರವಿತ್ತು. ಬಾಗಿಲು ದಾಟಿಸುವಾಗ ಅವಳು ಹಿಂದೆ ಹಿಂದೆ ಹೆಜ್ಜೆ ಇಡುತ್ತ, ಮೆಟ್ಟಿಲು ಬಂದಾಗಲೆಲ್ಲ ನನಗೆ ಹೇಳುತ್ತ ಹೋದಳು.